ಬಳೆಚೂರು

ನಾ ಕೈ ಎತ್ತಿದ ದಿನ ಅವ್ವ ಅಳಲಿಲ್ಲ.
ಒಡೆದ ಹಸಿರು ಬಳೆ ಸೆರಗಿಗೆ ಬಳಕೊಂಡು
ಕಿವಿ ಹಿಡಿದು ಎಳೆದೊಯ್ದಳು
ಮೈಂದರಗಿಯ ಗರಡಿಮನಿಗೆ.
ಹೊಸ್ತಿಲು ದಾಟಲಿಲ್ಲ. ಹೊರಗ ನಿಂತು ಅಂದಳು:
"ಕಲ್ಯಾಣಿ ವಸ್ತಾದ, ಇವಗ ಕೈ ಬಂದಾವ. ಕೆಲಸ ಕೊಡು."

ಆರು ತಿಂಗಳು ನನಗ ಲಂಗೋಟಿ ಇಲ್ಲ.
ಕೋಳಿಗಿಂತ ಮೊದಲ ಎದ್ದು ಹನುಮಪ್ಪನ ಮುಂದ ಕಸ,
ಬಾವಿಯಿಂದ ಹದಿನೆಂಟು ಕೊಡ,
ಆಮ್ಯಾಲ ಸಲಿಕಿ.
ಕಣದ ಕೆಮ್ಮಣ್ಣು ಕಡಿದು, ಹೊರಳಿಸಿ,
ಹೆಂಟಿ ಕೈಲೇ ಪುಡಿ ಮಾಡಿ,
ಮಜ್ಜಿಗಿ, ಅರಿಷಿಣ, ಒಳ್ಳೆಣ್ಣಿ ಸುರುವಿ
ಅವ್ವ ಹಿಟ್ಟು ನಾದಿದಂಗ ನಾದಬೇಕು.
"ಹೆಬ್ಬೆರಳು ಒತ್ತು," ಅಂತಿದ್ದ ವಸ್ತಾದ,
"ಗೆಣ್ಣಿನ ತನಕ ಇಳೀಲಿಲ್ಲಂದ್ರ ಇನ್ನೊಮ್ಮೆ."
ಇನ್ನೊಮ್ಮೆ. ಇನ್ನೊಮ್ಮೆ.
ಮರಾಠಿ ಸಾಳಿಯೊಳಗ
ಬೊಬ್ಬಿ ಎದ್ದ ಅಂಗೈ ಪುಸ್ತಕ ಹಿಡೀತಿರಲಿಲ್ಲ.

ನಾ ಹದ ಮಾಡಿದ ಮಣ್ಣಾಗ ದಸ್ತಗೀರ ಆಡತಿದ್ದ,
ನನಗಿಂತ ವರ್ಷ ಸಣ್ಣವ. ತೊಡಿ ತಟ್ಟಿ ನಗತಿದ್ದ:
"ಏ ಕೂಲಿಯವ್ನ, ಈ ಕಡಿ ಗಟ್ಟಿ ಐತಿ ನೋಡೋ."

ಅವ್ವನ ಗೂಡಿನಾಗ ಒಂದು ಚೂರು ಉಳಿದಿತ್ತು.
ಯಾಕ ಇಟ್ಟಿದ್ದಳೋ, ಕೇಳಿರಲಿಲ್ಲ.
ಕಣದ ನಡುವ, ನಾಲ್ಕು ಬೆರಳ ಕೆಳಗ ಹುಗಿದು
ಮ್ಯಾಲ ಸಮ ಮಾಡಿದೆ.
ಅಷ್ಟು ಸಮ ನಾ ಎಂದೂ ಮಾಡಿರಲಿಲ್ಲ.
ವಸ್ತಾದ ಮೊದಲ ಸಲ "ಭಲೇ" ಅಂದ.

ರಾತ್ರಿ ಹಾಸಿಗಿಗೆ ತಾಗಿದರ ಸಾಕು, ಚುಚ್ಚತಿತ್ತು
ದಸ್ತಗೀರನ ಬೆನ್ನು.
ಮೂರಕ್ಕ ಎದ್ದೆ. ಯಾರೂ ಎಬ್ಬಿಸಿರಲಿಲ್ಲ.
ಕಂದೀಲಿನ ಬೆಳಕಿನಾಗ, ಸಲಿಕಿ ಬಿಟ್ಟು,
ಜ್ವಾಳದಾಗ ಹಳ್ಳು ಆರಿಸಿದಂಗ
ಹಿಡಿ ಹಿಡಿ ಮಣ್ಣು ಬೆರಳಿಲೇ ಹುಡುಕಿದೆ.
ಸಿಗಲಿಲ್ಲ.
ಇನ್ನೊಮ್ಮೆ, ಅಂದುಕೊಂಡೆ. ನಾನ ಅಂದುಕೊಂಡೆ.
ಅಕ್ಕಲಕೋಟದ ಮೊದಲ ಬಸ್ಸು ಹಾರ್ನ್ ಹೊಡೆದರೂ
ಸಿಗಲಿಲ್ಲ.

ದಸ್ತಗೀರ ಬಂದ. ಮಣ್ಣು ಮುಟ್ಟಿ ಹಣಿಗೆ ಹಚ್ಚಿಕೊಂಡ.
"ಇವತ್ತ ಬ್ಯಾಡ," ಅಂದೆ.
ಯಾಕ, ಅಂದ.
ವಸ್ತಾದನ ಎದುರಿಗೇ ಹೇಳಿದೆ.

ಜತ್ತದಿಂದ ಆಳಂದದ ತನಕ ಒಬ್ಬನೂ
ಆ ಮುದುಕನ ಬೆನ್ನಿಗೆ ಮಣ್ಣು ಹಚ್ಚಿದ್ದಿಲ್ಲ.
ಅಂಗಿ ಬಿಚ್ಚಿ ಗೂಟಕ್ಕ ಹಾಕಿದ.
ಕಣಕ್ಕಿಳಿದು ಅಂಗಾತ ಮಲಗಿದ.
ಒಂದು ಮೂಲಿಯಿಂದ ಇನ್ನೊಂದಕ್ಕ
ಮೆಲ್ಲಕ ಹೊರಳಿದ, ಅಲ್ಲಲ್ಲಿ ನಿಂತು
ಬೆನ್ನಿಲೇ ಕೇಳಿಸಿಕೊಳ್ಳುವವನಂಗ.
ಎದ್ದು ನನ್ನ ಕಡಿ ಬೆನ್ನು ತಿರುವಿದ:
"ನೋಡು. ರಕ್ತ ಐತೇನು?"
ಇರಲಿಲ್ಲ. ಬರೇ ಮಣ್ಣು, ನಾ ನಾದಿದ್ದು.
"ಹಂಗಾರ ತೊಳಿ," ಅಂದ.

ಹತ್ತೊಂಬತ್ತನೇ ಕೊಡ ಸೇದಿದೆ.

ಚೂರು ಇವತ್ತಿಗೂ ಸಿಕ್ಕಿಲ್ಲ.
ಅವ್ವ ಒಂದಿನ ಗೂಡಿನಾಗ ಕೈಯಾಡಿಸಿದಳು,
ನನ್ನ ಅಂಗೈ ನೋಡಿದಳು.
ಅವಳೂ ಕೇಳಲಿಲ್ಲ.