ಎರಡು ಸಾಲು ಕಲ್ಲು

ಮೊದಲು ತಂತಿಬಲೆ ಕಟ್ಟಿದೆ.
ಗ್ಯಾರೇಜಿನಲ್ಲಿ ಒಂದು ಸುರುಳಿ ಉಳಿದಿತ್ತು, ಕೈಯಲ್ಲಿ ಇಕ್ಕುಳ ಇತ್ತು,
ಮೇ ತಿಂಗಳ ಬಿಸಿಲಿಗೆ ಹೆಚ್ಚು ಯೋಚಿಸುವ ತಾಳ್ಮೆ ಇರಲಿಲ್ಲ.
ಟೂಸಾನಿನ ನೆಲ ಬೇರೆ. ಗುದ್ದಲಿ ಬಿದ್ದರೆ ಠಣ್ ಅನ್ನುತ್ತದೆ,
ಮಣ್ಣಲ್ಲ ಅದು, ಹೆಪ್ಪುಗಟ್ಟಿದ ಸುಣ್ಣದ ಹಠ.

ಮೊಮ್ಮಗಳು ನಯೆಲಿ ಪೆಟ್ಟಿಗೆ ಇಳಿಸಿದಳು.
ಮರಳುಗಾಡಿನ ಆಮೆ, ಯಾರೋ ಸಾಕಿ ಬಿಟ್ಟದ್ದು,
ಊಟದ ತಟ್ಟೆಯಷ್ಟಗಲ, ಬೆನ್ನಿನ ಒಂದು ಬಿಲ್ಲೆಯ ಮೇಲೆ
ಯಾವ ಮನೆಯ ಬಾಗಿಲಿನದೋ ಹಸಿರು ಬಣ್ಣ.
ಗರ್ಬಾನ್ಸೊ ಎಂದು ಹೆಸರಿಟ್ಟಳು. ಕಡಲೆಕಾಳು.
ನಾನು ಹಾಗೆ ಕರೆಯುವುದಿಲ್ಲ, ಏಯ್ ಅನ್ನುತ್ತೇನೆ.
ಎರಡಕ್ಕೂ ಅದು ಓಗೊಡುವುದಿಲ್ಲ.

ಅವತ್ತೇ ಬಲೆಗೆ ಮೂತಿ ಒತ್ತಿ ನಡೆಯತೊಡಗಿತು,
ಈ ತುದಿಯಿಂದ ಆ ತುದಿ,
ತಿರುಗಿ, ಆ ತುದಿಯಿಂದ ಈ ತುದಿ.
ಆಚೆ ಏನಿತ್ತು? ಕಸದ ಡಬ್ಬ, ಪಕ್ಕದ ಮನೆಯ ಕಣಗಿಲೆ,
ಕಣಗಿಲೆಯ ನೆರಳು.
ಮೂರನೆಯ ದಿನ ಮೂಗಿನ ತುದಿ ಸುಲಿದು ಕೆಂಪಾಗಿತ್ತು.
ನೆಲದಲ್ಲಿ ಗೆರೆ ಬಿದ್ದಿತ್ತು,
ಬೆರಳಿಟ್ಟರೆ ಒಂದು ಗೆಣ್ಣು ಮುಳುಗುವಷ್ಟು.

ಆಮೆ ಕೊಟ್ಟ ಸಂಘದಿಂದ ಡೊರೀನ್ ಬಂದಳು.
ಅಳತೆಪಟ್ಟಿ, ಹುಲ್ಲಿನ ಟೋಪಿ, ಮಾತು ಕಡಿಮೆ.
"ಕಾಣಿಸಿದರೆ ಹೋಗಬಹುದು ಅಂದುಕೊಳ್ಳುತ್ತದೆ ಇದು.
ಕಾಣುವುದಕ್ಕೂ ಹೋಗುವುದಕ್ಕೂ ನಡುವೆ
ಇನ್ನೊಂದು ಇರುತ್ತದೆ ಅನ್ನುವುದು
ಇದರ ತಲೆಗೆ ಹತ್ತುವುದಿಲ್ಲ, ಅಬುಂಡಿಯೊ.
ಕಾಣದ ಹಾಗೆ ಕಟ್ಟು."

ಹೂಂ ಅಂದೆ.
ನೋಗಾಲೆಸ್‌ನಲ್ಲಿ ಎರಡು ವರ್ಷ ಬೆಸುಗೆ ಹಾಕಿದ್ದೆ
ಗಡಿಯ ಉಕ್ಕಿನ ಕಂಬಗಳಿಗೆ. ಕೂಲಿ ಚೆನ್ನಾಗಿತ್ತು.
ಕಂಬಕ್ಕೂ ಕಂಬಕ್ಕೂ ನಡುವೆ ಅಂಗೈ ಅಗಲ ಬಿಡಿ,
ಆಚೆ ಕಾಣುತ್ತಿರಬೇಕು ಅಂದಿದ್ದ ಅಲ್ಲಿಯ ಮೇಸ್ತ್ರಿ.
ಒಂದು ಭಾನುವಾರ ಚಿಕ್ಕಮ್ಮ ಎರ್ಮೆಲಿಂಡಾ
ಆ ಸಂದಿಯಲ್ಲಿ ಮೊಣಕೈವರೆಗೆ ಕೈ ತೂರಿಸಿ
ನನ್ನ ಗಲ್ಲ ಮುಟ್ಟಿ, ಇಳಿದುಹೋಗಿದ್ದೀಯಲ್ಲೋ ಅಂದಳು.
ಇದನ್ನು ಡೊರೀನ್‌ಗೆ ಹೇಳಲಿಲ್ಲ.
ಅವಳು ಬಂದದ್ದು ಆಮೆಯ ವಿಚಾರಕ್ಕೆ.

ಸಿಮೆಂಟಿನ ಕಲ್ಲು ನೂರ ಇಪ್ಪತ್ತು.
ಒಂದು ಸಾಲು ನೆಲದೊಳಗೆ, ತೋಡಿ ತಪ್ಪಿಸಿಕೊಳ್ಳದಂತೆ,
ಎರಡು ಸಾಲು ಮೇಲೆ.
ಮೂಲೆ ಸಿಕ್ಕರೆ ಕಾಲೂರಿ ಹತ್ತುತ್ತದಂತೆ,
ಮೂಲೆಗಳನ್ನೆಲ್ಲ ಗಾರೆಯಿಂದ ದುಂಡು ಮಾಡಿದೆ.
ಬೀದಿಯ ಕಡೆಗೆ ಅಡಿಪಾಯ ತೋಡಿದ್ದು
ಅದು ಗೀಚಿದ ಗೆರೆಯ ಮೇಲೆಯೇ.
ಅಗೆಯುವ ಕೆಲಸ ಅದೇ ಶುರುಮಾಡಿಟ್ಟಿತ್ತು.

ಗವಿಗೆ ಸೀಳಿದ ಪೀಪಾಯಿ, ಬೋರಲು, ಮೇಲೆ ಎರಡು ಮೊಳ ಮಣ್ಣು,
ಬಾಯಿ ಮೂಡಣಕ್ಕೆ.
ಹಾರಿ ಬಿದ್ದ ಕಣಗಿಲೆ ಎಲೆಗಳನ್ನು ನಯೆಲಿ
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿದಳು.
ಪಾಪಾಸುಕಳ್ಳಿಯ ಮುಳ್ಳನ್ನು ಒಲೆಯ ಮೇಲೆ ಸುಟ್ಟು ಕೊಟ್ಟೆ.
ನಾವು ಮೊಟ್ಟೆಯ ಜೊತೆ ಹುರಿದು ತಿನ್ನುವುದೂ ಅದನ್ನೇ.

ಒಳಗೆ ಬಿಟ್ಟಾಗ ಒಂದು ಸುತ್ತು ಬಂತು.
ಒಂದೇ ಸುತ್ತು.
ಆಮೇಲೆ ಗೋಡೆ ಎನ್ನುವುದು ಇಲ್ಲವೇ ಇಲ್ಲವೆಂಬಂತೆ
ನಡುವೆ ಹೋಗಿ ನಿದ್ದೆ ಮಾಡಿತು.
ನನಗೆ ಯಾಕೋ ಸಿಟ್ಟು ಬಂತು.

ಜುಲೈಯ ಮೊದಲ ಮಳೆ ರಾತ್ರಿ ಹತ್ತಕ್ಕೆ.
ಟಾರ್ಚು ಹಿಡಿದು ಓಡಿದೆ, ಗವಿಗೆ ನೀರು ನುಗ್ಗಿತೋ ಎಂದು.
ಅದು ಆಗಲೇ ಹೊರಗಿತ್ತು.
ಒಂದು ಗುಂಡಿಗೆ ಬಾಯಿಟ್ಟು
ಕುಡಿಯಿತು, ಕುಡಿಯಿತು, ಕುಡಿಯುತ್ತಲೇ ಇತ್ತು.
ಕುತ್ತಿಗೆ ಅಷ್ಟು ಉದ್ದ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಡೊರೀನ್ ಮತ್ತೆ ಬಂದು ಅಳೆದು ತಲೆಯಾಡಿಸಿದಳು.
ಕಾಗದದಲ್ಲಿ ಕೊನೆಯ ಪ್ರಶ್ನೆ: ನಿಮ್ಮ ನಂತರ ಯಾರು?
ನನಗೆ ಎಪ್ಪತ್ತೊಂದು. ಅದಕ್ಕೆ ಇಪ್ಪತ್ತೋ ಮೂವತ್ತೋ.
ನಯೆಲಿ ಹನ್ನೊಂದರವಳು, ಹಸಿರು ಪೆನ್ನಿನಲ್ಲಿ
ತನ್ನ ಹೆಸರನ್ನು ದಪ್ಪಗೆ ಬರೆದಳು.
ಅದರ ಕೆಳಗೆ ಇನ್ನೂ ಒಂದು ಸಾಲು ಇತ್ತು, ಖಾಲಿ.

ಗೋಡೆ ನನ್ನ ಮೊಣಕಾಲಿಗೂ ಬರುವುದಿಲ್ಲ.
ದಿನಾ ಬೆಳಿಗ್ಗೆ ಕಾಲೆತ್ತಿ ದಾಟಿ
ಎರಡು ದಾಸವಾಳ ಇಟ್ಟು, ಏಯ್ ಅನ್ನುತ್ತೇನೆ.
ಗವಿಯ ಬಾಯಲ್ಲಿ ಏನೋ ಅಲ್ಲಾಡುತ್ತದೆ.
ಬೆಳಕೂ ಇರಬಹುದು.