ಏಳು, ಇಪ್ಪತ್ನಾಲ್ಕು

ಹುಸೇನಪ್ಪ ಮೇಸ್ತ್ರಿ ಬಂದಾಗ ಬಿಸಿಲಿನ್ನೂ ಓಣಿಗೆ ಇಳಿದಿರಲಿಲ್ಲ.
ಅಂಗಳದ ಬಿದಿರಿಗೆ ನಾವು ನೀರು ಚಿಮುಕಿಸುತ್ತಿದ್ದೆವು.
ಗಂಗಾವತಿಯ ಅಕ್ಕಿ ಗಿರಣಿಯ ತೌಡು
ಅವನ ಹುಬ್ಬಿನ ಮೇಲೆ ಕುಳಿತೇ ಮೇದಾರ ಓಣಿಗೆ ಬಂದಿತ್ತು.

“ಏಣಿ ಬೇಕಿತ್ತು ಗಾಳೆಮ್ಮ. ಮ್ಯಾಲಿನ ತಗಡು ಹಾರೈತಿ.”
“ಗ್ವಾಡಿ ಎಷ್ಟೆತ್ತರ?”
“ಇಪ್ಪತ್ನಾಕು ಫೂಟು.”
“ಯಾರು ಅಳದಾರ?”
“ಅಳಿಯೋದ್ಯಾಕ, ಎಣಿಸೀನಿ.
ಮೂವತ್ತಾರು ವರಸಿ ಬ್ಲಾಕು, ಒಂದೊಂದು ಎಂಟು ಇಂಚು.”
ಅವ್ವ ತುಟಿಯಲ್ಲೇ ಗುಣಿಸಿ ತಲೆಯಾಡಿಸಿದಳು.

“ಮತ್ತ ಗ್ವಾಡಿ ಬುಡಕ್ಕ ಗಟಾರ ಐತಲ್ಲ?”
ಅದನ್ನವನು ಮರೆತೇಬಿಟ್ಟಿದ್ದ:
ಭತ್ತ ಕುದಿಸಿದ ನೀರು ಹಗಲೂ ರಾತ್ರಿ ಹರಿಯುವ ಗಟಾರ,
ಹಳದಿ ನೊರೆ, ಹುಳಿ ನಾತ,
ಈ ದಡದಿಂದ ಗೋಡೆಗೆ ಏಳು ಫೂಟು.
ಏಣಿಯ ಕಾಲು ಅದಕ್ಕಿಂತ ಹತ್ತಿರ ಹೋಗುವಂತಿಲ್ಲ.

ನಾನಾಗ ಒಂಬತ್ತನೇ ಇಯತ್ತೆ. ಲಂಬಕೋನ ತ್ರಿಭುಜ
ಹಿಂದಿನ ಸೋಮವಾರವಷ್ಟೇ ಕರಿಹಲಗೆಯಿಂದ ನನ್ನ ನೋಟ್‌ಬುಕ್ಕಿಗೆ ಇಳಿದಿತ್ತು.
ಏಳೇಳಲ ನಲವತ್ತೊಂಬತ್ತು.
ಇಪ್ಪತ್ನಾಲ್ಕರ ವರ್ಗ ಐನೂರ ಎಪ್ಪತ್ತಾರು.
ಕೂಡಿದೆ, ಮೂಲ ತೆಗೆದೆ,
“ಇಪ್ಪತ್ತೈದು!” ಎಂದು ಕೂಗಿ ಕೆಳಗೆ ಎರಡು ಗೆರೆ ಎಳೆದೆ.

ಅವ್ವ ನಂಬಲಿಲ್ಲ, ಬೈಯಲೂ ಇಲ್ಲ.
ಕೊಯ್ದ ಬಿದಿರು ಮತ್ತೆ ಕೂಡುವುದಿಲ್ಲವಲ್ಲ.
ಕಿರುಬೆರಳ ಗಿಣ್ಣಿನಷ್ಟು ಒಂದು ಸೀಳು ಮುರಿದು
‘ಇದು ಒಂದು ಫೂಟು’ ಅಂದಳು, ತನ್ನಷ್ಟಕ್ಕೆ.
ಹೊಸ್ತಿಲ ಮೇಲೆ ಅದನ್ನು ಏಳು ಸಲ ಮಲಗಿಸಿದಳು,
ಬಾಗಿಲ ಚೌಕಟ್ಟಿನಗುಂಟ ಇಪ್ಪತ್ನಾಲ್ಕು ಸಲ ನಿಲ್ಲಿಸಿದಳು.
ಎರಡು ಸುಣ್ಣದ ಚುಕ್ಕೆ, ನಡುವೆ ಬಿಗಿದ ಸೆಣಬಿನ ದಾರ.
ದಾರದ ಮೇಲೆ ಅದೇ ಸೀಳು ಹೆಜ್ಜೆ ಹಾಕುತ್ತ ಇಳಿಯಿತು;
ಎಣಿಸುತ್ತ ನಾನು ಉಸಿರಾಡುವುದನ್ನೇ ಬಿಟ್ಟಿದ್ದೆ.
ಇಪ್ಪತ್ಮೂರು, ಇಪ್ಪತ್ನಾಲ್ಕು,
ಇಪ್ಪತ್ತೈದರ ತುದಿ ಸುಣ್ಣದ ಮೇಲೆ.

“ಚೌಕಟ್ಟು ವಾಲಿದ್ರ?” ಎಂದೆ, ಗೆದ್ದ ಸೊಕ್ಕಿನಲ್ಲಿ.
“ಮೌಲಾಸಾಬ ತೂಗುಗುಂಡು ಬಿಟ್ಟು ನಿಲ್ಲಿಸ್ಯಾನ.
ಅವತ್ತು ದಾರ ಹಿಡಿದಾಕಿ ನಾನ.”

ಹಾಗೆಂದವಳು ಗಳುವಿನ ಮೇಲೆ ಕತ್ತಿ ಇಟ್ಟದ್ದು
ಇಪ್ಪತ್ತೆಂಟಕ್ಕೆ.

“ಅವ್ವಾ, ಇಪ್ಪತ್ತೈದು!”
“ಗ್ವಾಡಿ ತುದಿ ಮುಟ್ಟಿದ್ರ ಆತೇನು?
ತಗಡಿನ ಮ್ಯಾಲಿಂದ ಹಿಂದಕ್ಕ ಕಾಲಿಟ್ಟು ಇಳಿಯಾಂವ
ಕೈಯಾಗ ಏನು ಹಿಡೀಬೇಕು, ನಿನ್ನ ನೋಟ್‌ಬುಕ್ಕೇನು?”
ಹುಸೇನಪ್ಪ ನಗಲಿಲ್ಲ. ಇಳಿಯುವವನು ಅವನೇ.

ಮೂರು ದಿನ ಮೆಟ್ಟಿಲು ಕೂರಿಸಿದೆವು, ಒಂದೊಂದಕ್ಕೂ ಬೆಣೆ ಬಡಿದು.
ಕಾಲಿಗೆ ಗೋಣಿ ಸುತ್ತಿದೆವು; ದಡದ ಕೆಸರು ಜಾರುವುದೂ
ನನ್ನ ಎರಡು ಗೆರೆಯ ಕೆಳಗೆ ಇರಲಿಲ್ಲ.

ನಾಲ್ಕನೆಯ ದಿನ ಇಬ್ಬರು ಹೆಗಲ ಮೇಲೆ ಹೊತ್ತು ನಡೆದರು.
ಓಣಿಯ ತಿರುವು. ಏಣಿಯ ಮೂತಿ ಕಿರಾಣಿ ಅಂಗಡಿಯ ಕಟ್ಟೆಗೆ,
ಬಾಲ ನಮ್ಮದೇ ಗೋಡೆಗೆ.
ಹಿಂದೆ ಸರಿದರು, ಓರೆ ಮಾಡಿದರು,
ನೆಟ್ಟಗೆ ಎತ್ತೋಣವೆಂದರೆ ಮೇಲೆ ಕರೆಂಟಿನ ತಂತಿ.
ಅವ್ವ ಸೊಂಟಕ್ಕೆ ಕೈಯಿಟ್ಟು ತಿರುವನ್ನೇ ನೋಡಿದಳು,
ಆಮೇಲೆ ನನ್ನನ್ನು.
ನೋಟ್‌ಬುಕ್ಕು ಒಳಗಿತ್ತು. ತರಲು ಓಡಲಿಲ್ಲ.

“ಮಲೀಕಮ್ಮಾ,” ಅವ್ವ ಕೂಗಿದಳು,
“ನಿನ್ನ ಮಾಳಿಗಿ ಮ್ಯಾಲಿನ ಹಪ್ಪಳ ತಗೀ,
ಏಣಿ ದಾಟ್ತೈತಿ.”