ಎರಡು ಗಾಜುಗಳ ನಡುವೆ

ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಉಲಾನ್‌ಬಾತರಿನ ಆ ಮೂರನೇ ಮಹಡಿಯಲ್ಲಿ
ಫ್ರೀಜರು ಒಮ್ಮೆ ಗಂಟಲು ಸರಿಮಾಡಿಕೊಂಡು
ಸುಮ್ಮನಾಯಿತು.

ಹೊರಗೆ ಮೈನಸ್ ಮೂವತ್ತೆಂಟು.
ಊರಿಗೆ ಊರೇ ಫ್ರೀಜರು, ಅಕ್ಕ,
ಕಿಟಕಿಯಾಚೆ ನೇತುಹಾಕಿದರಾಯಿತು, ಅಂದೆ.
ದುಲಮ್‌ಸುರೆನ್ ನಗಲಿಲ್ಲ.
ಐಸ್ ಡಬ್ಬಿಯಲ್ಲಿ ಕತ್ತಿನವರೆಗೆ ಹೂತ ಕೊಳವೆ,
ಅದರ ತಳದಲ್ಲಿ ಒಂದು ಕಂಬನಿಗೂ ಕಡಿಮೆ.

"ಇದು ಬೆಚ್ಚಗಾಗಬಾರದು. ಹೆಪ್ಪೂಗಟ್ಟಬಾರದು.
ಅರ್ಧಕ್ಕರ್ಧ ಗ್ಲಿಸರಿನ್ನು,
ಮೈನಸ್ ಇಪ್ಪತ್ತರಲ್ಲೂ ಜೇನಿನ ಹಾಗೆ ಜಾರುತ್ತದೆ.
ಮೂವತ್ತೆಂಟರಲ್ಲಿ ಕಲ್ಲು.
ಕಲ್ಲಾಗಿ ಕರಗಿದ ಕತ್ತರಿಗೆ ಬಾಯಿ ಮೊಂಡು."

ಟಾರ್ಚು ನನ್ನ ಕೈಯಲ್ಲಿ. ಮಾತು ಅವಳದು.
ಯಾರದೋ ಕರುಳಿನ ಬ್ಯಾಕ್ಟೀರಿಯಾ
ಮನೆ ಹೊಗುವ ವೈರಸ್ಸಿಗೆಂದು ಮಸೆದಿಟ್ಟದ್ದಂತೆ.
ಹೊಕ್ಕವನ ಎಳೆಯ ಮೇಲೆ ತಡವುತ್ತ ತಡವುತ್ತ
ಆರಕ್ಷರ ಸಿಗುವ ತನಕ ಸುಮ್ಮನಿರುತ್ತದಂತೆ.
ಆ ಕಡೆಯಿಂದ ಓದಿದರೂ ಈ ಕಡೆಯಿಂದ ಓದಿದರೂ
ಒಂದೇ, ನವಜೀವನ ಅನ್ನುವ ಮಾತಿನ ಹಾಗೆ;
ಅಲ್ಲೇ ಕಚ್ಚು.

ತನ್ನ ಎಳೆಯಲ್ಲೂ ಆ ಆರು ಇರುತ್ತವಲ್ಲ?
"ಅಪ್ಪ ಕುದುರೆ ತೊಡೆಗೆ ತಮ್ಗಾ ಕಾಸಿ ಒತ್ತುತ್ತಿದ್ದ.
ಹಾಗೇ ಒಂದು ಗುರುತು.
ಗುರುತಿದ್ದರೆ ನಮ್ಮದು. ಮುಟ್ಟದು.

ಉಪ್ಪಿನ ಹದ ತಪ್ಪಿಸು, ಗ್ಲಿಸರಿನ್ ಹೆಚ್ಚು ಸುರಿ,
ಬೆಳಗಿನವರೆಗೆ ಮರೆತುಬಿಡು, ಆಗ ನೋಡು:
ಐದೇ ಹೊಂದಿದರೂ ಸೈ ಅನ್ನುತ್ತದೆ,
ಐರಾಗ್ ಕುಡಿದು ನೆರೆಯವನ ಕುದುರೆ ಏರಿದವನ ಹಾಗೆ.
ಹತ್ತರಲ್ಲೊಂದು ಪಾಲು ಮೀರಬೇಡ.
ಎಲ್ಲ ಹಾಕಿ ಕೊನೆಗೆ ಇದು.
ಕುಲುಕಬೇಡ. ಬೆರಳಲ್ಲಿ ತಟ್ಟು."

ಅವಳ ಮನೆಯಲ್ಲಿ ಕಿಟಕಿಯ ಎರಡು ಗಾಜುಗಳ ನಡುವೆ
ಚಳಿಗಾಲವಿಡೀ ಕೆನೆ, ಕುರಿಮಾಂಸ.
ಇಲ್ಲಿ ಆ ಗೇಣು ಜಾಗದಲ್ಲಿ ಥರ್ಮಾಮೀಟರು ಇಟ್ಟು ಕಾದೆವು.
ಹದಿಮೂರು.
ಒಳಗಾಜಿನ ಸಂದಿಗೆ ತನ್ನ ಉಣ್ಣೆಯ ಸ್ಕಾರ್ಫು ತುರುಕಿದಳು.
ಹದಿನೇಳು. ಹತ್ತೊಂಬತ್ತು.
ಕೊಳವೆಯನ್ನು ಒಳಗಿಟ್ಟು
ಬರಿಗೊರಳಲ್ಲಿ ಕುರ್ಚಿಯೆಳೆದು ಕೂತಳು.

ಏಳೂವರೆಗೆ ಕರೆಂಟು ಬಂತು.

ಶುಕ್ರವಾರ ಜೆಲ್ಲಿನಲ್ಲಿ ಎರಡು ಪಟ್ಟಿ ಕಾಣಬೇಕಿತ್ತು,
ಮೂರು ಕಂಡವು, ಮೂರನೆಯದು ಮಸುಕು.
ಚಳಿಗೆ ಕೆಟ್ಟಿತೇ ಅಕ್ಕ?
"ಎಷ್ಟು ಹೊತ್ತು ಬಿಟ್ಟೆ?"
ಹದಿನಾರು ಗಂಟೆ. ನಿದ್ದೆ ಬಂದುಬಿಟ್ಟಿತ್ತು.
ಅವಳು ಈ ಸಲ ನಕ್ಕಳು.

ಸೋಮವಾರ ಮತ್ತೆ ಮಾಡಿದೆ. ಒಂದೇ ಗಂಟೆ.
ಆಮೇಲೆ ಅರವತ್ತೈದು ಡಿಗ್ರಿ, ಇಪ್ಪತ್ತು ನಿಮಿಷ:
ಸ್ಕಾರ್ಫು ಬಿಚ್ಚಿ ಕಾದಿಟ್ಟದ್ದನ್ನು
ನನ್ನ ಕೈಯಾರೆ ಬಿಸಿನೀರಿಗೆ ಇಳಿಸಿದೆ.